ಬಿದಿರು ನೆಲದ ಗೀರು: ಕೈ ಹಾಕುವ ಮುನ್ನ ಆಳ ನೋಡಿ

ತುಂಬಿದ ಗ್ಯಾಸ್ ಸಿಲಿಂಡರನ್ನು ಹೊತ್ತುಕೊಂಡು ಹಾಲ್ ದಾಟುವವರು ಕಡಿಮೆ. ಒಳಗೆ 14.2 ಕೆಜಿ ಅನಿಲ, ಹೊರಗೆ ಹೆಚ್ಚುಕಡಿಮೆ ಅಷ್ಟೇ ತೂಗುವ ಕಬ್ಬಿಣದ ಮೈ. ತರುವವರು ಅದನ್ನು ಒಂದು ಕಡೆಗೆ ವಾಲಿಸಿ, ಅಡಿಯ ಬಳೆಯ ಅಂಚಿನ ಮೇಲೆ ತಿರುಗಿಸುತ್ತಾ ಅಡುಗೆಮನೆ ಸೇರಿಸುತ್ತಾರೆ. ರೆಡ್ ಆಕ್ಸೈಡ್ ನೆಲವೋ ಶಹಾಬಾದ್ ಕಲ್ಲೋ ಆಗಿದ್ದರೆ ಅದೊಂದು ಸುದ್ದಿಯೇ ಅಲ್ಲ. ಬಿದಿರಿನ ಹಲಗೆ ಹಾಸಿದ ಮನೆಯಲ್ಲಿ ಮಾತ್ರ ತಲೆಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಕಮಾನಿನಂಥ ಗೆರೆಗಳ ಸಾಲು ಉಳಿದುಬಿಡುತ್ತದೆ. ಸಂಜೆಯ ಓರೆ ಬಿಸಿಲಿಗೆ ಅದು ಕಣ್ಣಿಗೆ ಬಿದ್ದಾಗ ಮನೆಯವರು ಮೊದಲು ಕೊಬ್ಬರಿ ಎಣ್ಣೆ ಸವರಿ ನೋಡುತ್ತಾರೆ. ಅದು ನಿಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ ಬರುತ್ತದೆ. ಎಣ್ಣೆಯಿಂದ ಆಗುವ ತೊಂದರೆ ಸಣ್ಣದು. ಉಪ್ಪುಕಾಗದದಿಂದ ಆಗುವುದು ಗೀರಿಗಿಂತ ದೊಡ್ಡದು.

ಯಾಕೆಂದರೆ ದಿನವೂ ನಮ್ಮ ಕಾಲಿಗೆ ತಾಗುವುದು ಬಿದಿರಿನ ಮೇಲಿರುವ ತೆಳುವಾದ ಲೇಪ. ಕಾರ್ಖಾನೆಯಿಂದ ಬರುವ ಹೆಚ್ಚಿನ ಬಿದಿರು ಹಲಗೆಗಳಿಗೆ ಪಾಲಿಯುರೆಥೇನ್ ಪದರಗಳನ್ನು ಹಚ್ಚಿ, ಅತಿನೇರಳೆ ದೀಪದ ಕೆಳಗೆ ಕ್ಷಣಮಾತ್ರದಲ್ಲಿ ಗಟ್ಟಿಮಾಡಿರುತ್ತಾರೆ. ಆ ಪದರಗಳೊಳಗೆ ಅಲ್ಯುಮಿನಿಯಂ ಆಕ್ಸೈಡ್‌ನ ನುಣ್ಣನೆ ಕಣಗಳಿರುತ್ತವೆ. ಮೋಸ್ ಗಡಸುತನದ ಮಾಪಕದಲ್ಲಿ ಅದರದು 9, ಅಂದರೆ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಹಾಗಿದ್ದರೂ ಚಪ್ಪಲಿಗೆ ಅಂಟಿ ಬಂದ ಮರಳು ಗೀರು ಹಾಕುವುದೇಕೆ? ಮರಳಿನ ಕ್ವಾರ್ಟ್ಜ್ 7ರ ಗಡಸು. ಅದು ಅಲ್ಯುಮಿನಿಯಂ ಆಕ್ಸೈಡ್ ಕಣವನ್ನು ಕೆರೆಯಲಾರದು, ಆದರೆ ಆ ಕಣಗಳನ್ನು ಹಿಡಿದಿಟ್ಟ ಮೆತ್ತನೆಯ ಪಾಲಿಯುರೆಥೇನನ್ನು ಸುಲಭವಾಗಿ ಉಳುತ್ತದೆ. ಬರಿಗಣ್ಣಿಗೆ ಬೆಳ್ಳಗೆ ಕಾಣುವ ಗೀರುಗಳಲ್ಲಿ ಬಹುಪಾಲು ಹೀಗೆ ಲೇಪದಲ್ಲೇ ನಿಂತವು. ಕೆಳಗಿನ ಬಿದಿರಿಗೆ ಏನೂ ಆಗಿರುವುದಿಲ್ಲ.

ಮಾರುವವರು ತೋರಿಸುವ ಅಂಕಿಯೊಂದು ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಜಂಕಾ ಗಡಸುತನ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಹಲಗೆಯೊಳಗೆ ಅರ್ಧದಷ್ಟು ಹುಗಿಸಲು ಎಷ್ಟು ಬಲ ಬೇಕು ಎನ್ನುವ ಲೆಕ್ಕ ಅದು. ಅಮೆರಿಕದ ಕೆಂಪು ಓಕ್ ಮರಕ್ಕೆ ಈ ಬಲ 1,290 ಪೌಂಡ್. ನಾರು ಒತ್ತಿ ಮಾಡಿದ ಬಿದಿರು ಹಲಗೆಗೆ 3,000ಕ್ಕೂ ಮೇಲೆ ಎಂದು ಜಾಹೀರಾತುಗಳು ಹೇಳುತ್ತವೆ. ಅಂಕಿ ಸುಳ್ಳಲ್ಲ. ಆದರೆ ಅದು ಹೇಳುವುದು ನಗ್ಗುವ ಮಾತನ್ನು, ಗೀರುವ ಮಾತನ್ನಲ್ಲ. ಸುಲಭಕ್ಕೆ ತಗ್ಗು ಬೀಳದ ಹಲಗೆಯ ಮೇಲೂ ಕುರ್ಚಿಯ ಕಾಲಿಗೆ ಸಿಕ್ಕಿದ ಒಂದು ಮರಳು ಕಣ ಗೆರೆ ಎಳೆಯಬಲ್ಲದು.

ನಿಮ್ಮ ಮನೆಯದು ಯಾವ ಬಿದಿರು

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಮನೆಗೆ ಬರುವ ಹಲಗೆಗಳಲ್ಲಿ ಹೆಚ್ಚಿನವು ಚೀನಾದ ಮೋಸೊ ಎಂಬ ಬಿದಿರಿನವು. ಐದಾರು ವರ್ಷ ಬಲಿತ ಗಳಗಳನ್ನು ಕಡಿದು, ಸೀಳಿ, ಹೊರಗಿನ ಹಸಿರು ಸಿಪ್ಪೆಯನ್ನೂ ಒಳಗಿನ ಮೆದು ಪದರವನ್ನೂ ಹೆರೆದು ತೆಗೆದು, ಉಳಿದ ದಬ್ಬೆಗಳನ್ನು ಅಂಟಿನಿಂದ ಜೋಡಿಸುತ್ತಾರೆ. ನಮ್ಮ ಕಡೆ ಕೇರಳ ರಾಜ್ಯ ಬಿದಿರು ನಿಗಮ ಕೋಝಿಕ್ಕೋಡಿನ ನಲ್ಲಳಂನಲ್ಲಿ ನೆಲದ ಬಿದಿರು ಹಲಗೆ ಮಾಡುವ ಕಾರ್ಖಾನೆ ತೆರೆಯಿತು. ಬಿದಿರನ್ನು ಹಾಳೆಯಾಗಿ, ತಗಡಾಗಿ ಒತ್ತುವ ಬಗೆಗಳ ಮೇಲೆ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ಬಹುಕಾಲ ಕೆಲಸ ನಡೆದಿದೆ. 2017ರ ಕೊನೆಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ಬಿದಿರನ್ನು ತೆಗೆದ ಮೇಲೆ, ಹೊಲದಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸುವುದು ರೈತರಿಗೆ ಸಲೀಸಾಯಿತು. ಇಷ್ಟಾದರೂ ಬೆಂಗಳೂರಿನ ಫ್ಲಾಟುಗಳಲ್ಲಿ ಕಾಣುವುದು ಹೆಚ್ಚಾಗಿ ಆಮದಿನ ಮಾಲೇ.

ಗೀರು ಸರಿಪಡಿಸುವವರಿಗೆ ಬೇಕಾದದ್ದು ಹಲಗೆಯ ಕಟ್ಟು. ಅಗಲವಾದ ದಬ್ಬೆಗಳೂ ಅಲ್ಲಲ್ಲಿ ಅಡ್ಡಗೆರೆಯಂತೆ ಗಿಣ್ಣುಗಳೂ ಕಂಡರೆ ಅದು ದಬ್ಬೆಗಳನ್ನು ಮಲಗಿಸಿ ಅಂಟಿಸಿದ ಹಲಗೆ. ಬೆರಳಿಗಿಂತ ಸಣ್ಣ, ಒತ್ತೊತ್ತಾದ ನೇರ ಗೆರೆಗಳಿದ್ದರೆ ದಬ್ಬೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿದ್ದು. ಗಿಣ್ಣೂ ಇಲ್ಲದೆ, ಸಾಲೂ ಇಲ್ಲದೆ, ಮರದಂತೆಯೇ ಎಳೆ ಎಳೆಯಾಗಿ ಕಂಡರೆ ನಾರು ಒತ್ತಿದ ಹಲಗೆ. ಬಿದಿರನ್ನು ಜಜ್ಜಿ ನಾರಾಗಿ ಬಿಡಿಸಿ, ರಾಳದಲ್ಲಿ ನೆನೆಸಿ, ಭಾರೀ ಒತ್ತಡದಲ್ಲಿ ದಿಮ್ಮಿ ಮಾಡಿ, ಮತ್ತೆ ಕೊಯ್ದು ತೆಗೆದದ್ದು ಇದು. ಮೂರರಲ್ಲೂ ಇದೇ ಗಟ್ಟಿ, ತಿದ್ದಲು ಇದೇ ಹಟಮಾರಿ.

ಬಣ್ಣದ ಗುಟ್ಟೂ ತಿಳಿದಿರಬೇಕು. ಕಾಫಿ ಬಣ್ಣದ ಹಲಗೆಗಳಲ್ಲಿ ಎರಡು ಬಗೆ. ಒಂದರಲ್ಲಿ ಒತ್ತಡದ ಹಬೆ ಕೊಟ್ಟು ಬಿದಿರಿನೊಳಗಿನ ಸಕ್ಕರೆಯನ್ನೇ ಕಂದಿಸಿರುತ್ತಾರೆ, ಬಣ್ಣ ಆಳದವರೆಗೆ ಒಂದೇ. ಇನ್ನೊಂದರಲ್ಲಿ ಬಣ್ಣ ಬಳಿದಿರುತ್ತಾರೆ, ಅದು ಮೇಲ್ಮೈಯಲ್ಲಷ್ಟೇ. ಹಬೆ ಕೊಟ್ಟದ್ದು ತುಸು ಮೆತ್ತಗಿರುತ್ತದೆ, ಬೇಗ ತಗ್ಗು ಬೀಳುತ್ತದೆ. ಆದರೆ ಗೀರಿನ ತಳದಲ್ಲೂ ಅದೇ ಬಣ್ಣ ಇರುವುದರಿಂದ ತಿದ್ದುವುದು ಸುಲಭ. ಬಳಿದ ಬಣ್ಣದ ಹಲಗೆಯಲ್ಲಿ ಗೀರು ಆಳವಾಯಿತೆಂದರೆ ಕಂದು ನೆಲದಲ್ಲಿ ಒಣಹುಲ್ಲಿನ ಬಣ್ಣದ ಗೆರೆ ಎದ್ದು ಕಾಣುತ್ತದೆ. ಹಾಸುವಾಗ ಕತ್ತರಿಸಿ ಉಳಿದ ತುಂಡು ಎಲ್ಲಾದರೂ ಸಿಕ್ಕಿದರೆ ಅದರ ಕೊಯ್ದ ಅಂಚನ್ನು ನೋಡಿದರೆ ಸಾಕು, ಯಾವ ಬಗೆ ಎಂದು ಗೊತ್ತಾಗುತ್ತದೆ.

ಒಂದು ಹನಿ ನೀರಿನ ಪರೀಕ್ಷೆ

ಗೀರು ಬಿದ್ದ ಜಾಗವನ್ನು ಮೊದಲು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಆಮೇಲೆ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಎಷ್ಟೋ ‘ಗೀರು’ಗಳು ಇಲ್ಲೇ ಹೋಗುತ್ತವೆ. ರಬ್ಬರ್ ಅಡಿಯ ಶೂ ಬಿಟ್ಟ ಕಪ್ಪು ಗೆರೆಗಳಿಗೆ ಮಕ್ಕಳ ಪೆನ್ಸಿಲ್ ರಬ್ಬರ್ ಸಾಕು. ಹೋಗದಿದ್ದರೆ ಬಟ್ಟೆಯ ತುದಿಗೆ ತುಸು ಟರ್ಪಂಟೈನ್ ಹಾಕಿ ಉಜ್ಜಿ. ಪೇಂಟರುಗಳ ಎನ್‌ಸಿ ಥಿನ್ನರ್ ಮಾತ್ರ ಬೇಡ, ಅದು ಲೇಪವನ್ನೇ ಮಂಕಾಗಿಸಬಹುದು.

ಉಳಿದ ಗೀರಿನ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಎಳೆದು ನೋಡಿ. ಮೂರರಲ್ಲಿ ಒಂದು ಆಗುತ್ತದೆ. ಗೀರು ಮಾಯವಾದರೆ ಅದು ಲೇಪದ್ದು. ಒರಟಾದ ತೋಡಿನಲ್ಲಿ ಬೆಳಕು ಚೆದುರುವುದರಿಂದ ಅದು ಬೆಳ್ಳಗೆ ಕಾಣುತ್ತಿತ್ತು, ನೀರು ತೋಡನ್ನು ತುಂಬಿದೊಡನೆ ಚೆದುರುವುದು ನಿಂತಿತು. ಗೀರು ಕಪ್ಪಾದರೆ ಬಿದಿರು ನೀರು ಕುಡಿಯುತ್ತಿದೆ ಎಂದರ್ಥ. ಲೇಪ ಹರಿದು ಒಳಗಿನ ನಾರು ತೆರೆದುಕೊಂಡಿದೆ. ಕೂಡಲೇ ಒರೆಸಿಬಿಡಿ. ನೀರು ಹಾಕಿದರೂ ಏನೂ ಬದಲಾಗದೆ ತಗ್ಗು ಹಾಗೇ ಕಂಡರೆ ಲೇಪ ಹರಿಯದೆ ಬಿದಿರು ಮಾತ್ರ ಕೆಳಗೆ ಕುಸಿದಿದೆ. ಬೀರುವಿನ ಕಾಲು, ಹೈಹೀಲ್ ಚಪ್ಪಲಿ ಮಾಡುವ ಕೆಲಸ ಇದು.

ನೀರಿನ ಜೊತೆಗೆ ಉಗುರನ್ನೂ ಬಳಸಿ. ಗೀರಿಗೆ ಅಡ್ಡವಾಗಿ ಉಗುರು ಎಳೆದಾಗ ಸಿಕ್ಕಿಕೊಳ್ಳದಿದ್ದರೆ ತುಂಬುವ ಗೋಜಿಗೇ ಹೋಗಬೇಡಿ. ಉಗುರು ಟಕ್ಕೆಂದು ನಿಂತರೆ ತುಂಬಬೇಕಾದ ಗೀರು ಅದು.

ಅಪರೂಪಕ್ಕೆ ಇನ್ನೊಂದು ಬಗೆ ಕಾಣುತ್ತದೆ. ಸಣ್ಣ ಸೂಜಿರಂಧ್ರ, ಪಕ್ಕದಲ್ಲಿ ಹಿಟ್ಟಿನಂಥ ಪುಡಿ. ಒರೆಸಿದರೆ ಮಾರನೆಯ ದಿನ ಮತ್ತೆ ಪುಡಿ. ಅದು ಗೀರಲ್ಲ, ಕುಟ್ಟೆ ಹಿಡಿದಿದೆ. ಬಿದಿರಿನ ಪಿಷ್ಟಕ್ಕೆ ಬರುವ ಹುಳು ಇದು. ಕಾರ್ಖಾನೆಯಲ್ಲಿ ಬೋರಿಕ್ ಆಮ್ಲ, ಬೋರಾಕ್ಸ್ ಉಪಚಾರ ಸರಿಯಾಗಿ ಆಗಿಲ್ಲದಿದ್ದರೆ ಬರುತ್ತದೆ. ಅದಕ್ಕೆ ಪುಟ್ಟಿ ತುಂಬಿ ಮುಚ್ಚಿದರೆ ಪ್ರಯೋಜನವಿಲ್ಲ, ಕೀಟನಿಯಂತ್ರಣದವರನ್ನೇ ಕರೆಯಬೇಕು.

ಲೇಪದ ಗೀರು: ಆದಷ್ಟು ಕಡಿಮೆ ಮಾಡಿ

ಉಗುರಿಗೆ ಸಿಗದ, ನೀರಿಗೆ ಮಾಯವಾಗುವ ಒಂದೆರಡು ಗೆರೆಗಳಿಗೆ ಬೇಕಾಗುವುದು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸೊನ್ನೆ ನಂಬರಿನ ಚಿತ್ರದ ಬ್ರಷ್ಷು ಮತ್ತು ಚಿಕ್ಕ ಡಬ್ಬ ನೀರಾಧಾರಿತ ಪಿಯು, ಅಂದರೆ ಪಾಲಿಯುರೆಥೇನ್. ಅಂಗಡಿಯವರು ‘ಗ್ಲಾಸಾ, ಮ್ಯಾಟಾ’ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿದಿರು ಹಲಗೆಗಳಲ್ಲಿ ಹೆಚ್ಚಿನವು ಮಂದ ಹೊಳಪಿನವು. ಅವುಗಳ ಮೇಲೆ ಹೆಚ್ಚು ಹೊಳೆಯುವ ಗ್ಲಾಸ್ ಪಿಯುವಿನ ಗೆರೆ ಎಳೆದರೆ ಗೀರು ಹೋಗಿ ಒದ್ದೆ ಗೆರೆಯಂಥ ಕಲೆ ಬರುತ್ತದೆ. ಸಂದೇಹವಿದ್ದರೆ ಮ್ಯಾಟ್ ಕಡೆಗೇ ವಾಲಿ. ಎಣ್ಣೆ ಆಧಾರಿತ ಪಿಯು ವರ್ಷ ಕಳೆದಂತೆ ಹಳದಿಗಟ್ಟುತ್ತದೆ, ತಿಳಿಬಣ್ಣದ ಬಿದಿರಿಗೆ ಅದು ಬೇಡ.

ಡಬ್ಬವನ್ನು ಕುಲುಕಬೇಡಿ, ಗುಳ್ಳೆ ಏಳುತ್ತದೆ. ಕಡ್ಡಿಯಿಂದ ಮೆಲ್ಲಗೆ ತಿರುವಿ. ಬ್ರಷ್ಷಿನ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟನ್ನೇ ತೆಗೆದುಕೊಂಡು ತೋಡಿನೊಳಗೆ ಮಾತ್ರ ಎಳೆಯಿರಿ. ಆಚೀಚೆ ಹರಿದದ್ದನ್ನು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಆಗಲೇ ಸೆಳೆದುಬಿಡಿ. ಒಣಗಿದ ಮೇಲೆ ತೋಡು ಇನ್ನೂ ತಗ್ಗಾಗಿದ್ದರೆ ಮತ್ತೊಂದು ತೆಳು ಗೆರೆ. ಒಂದೇ ಸಲಕ್ಕೆ ದಪ್ಪಗೆ ತುಂಬಿದರೆ ಮೇಲೆ ಪೊರೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಜಡಿಮಳೆಯ ದಿನಗಳಲ್ಲಿ ಡಬ್ಬದ ಮೇಲೆ ಬರೆದ ಹೊತ್ತಿನಲ್ಲಿ ಅದು ಒಣಗುವುದಿಲ್ಲ. ಅವಸರವಿಲ್ಲದಿದ್ದರೆ ಮಳೆ ಬಿಡುವು ಕೊಡುವವರೆಗೆ ಕಾಯುವುದೇ ವಾಸಿ.

ಉಪ್ಪುಕಾಗದವನ್ನು ದೂರವಿಡಬೇಕಾದದ್ದು ಇದೇ ಹಂತದಲ್ಲಿ. ಕಾರ್ಖಾನೆಯ ಲೇಪದ ಮೇಲೆ ಎಷ್ಟೇ ನುಣುಪಾದ ಕಾಗದ ಉಜ್ಜಿದರೂ ಅಂಗೈಯಗಲ ಜಾಗ ಮಂಕಾಗುತ್ತದೆ. ಆ ಮಂಕನ್ನು ತೆಗೆಯಲು ಇನ್ನಷ್ಟು ಉಜ್ಜುತ್ತೇವೆ. ಅಲ್ಯುಮಿನಿಯಂ ಆಕ್ಸೈಡ್ ಇರುವ ಪದರ ಒಂದೆಡೆ ತೂತಾಗಿ ಬಿದಿರು ಹೊರಬರುತ್ತದೆ. ಅಲ್ಲಿಂದ ಮುಂದೆ ಮನೆಯಲ್ಲಿ ಮಾಡುವ ಕೆಲಸ ಉಳಿದಿರುವುದಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕೂಡ ಉಪ್ಪುಕಾಗದದ ತಮ್ಮನೇ. ಅದರ ನಾರಿನಲ್ಲೂ ಸವೆಸುವ ಖನಿಜ ಇರುತ್ತದೆ.

ಮನೆಮದ್ದುಗಳ ಬಗ್ಗೆ ಎರಡು ಮಾತು. ಅಕ್ರೋಟಿನ ತಿರುಳು ಉಜ್ಜಿದರೆ ಗೀರು ಮರೆಯಾಗುವುದು ನಿಜ, ಅದರ ಎಣ್ಣೆ ತೋಡು ತುಂಬುತ್ತದೆ, ಮೇಲೆ ಹೇಳಿದ ನೀರಿನ ಹನಿಯ ಕೆಲಸವನ್ನೇ ಸ್ವಲ್ಪ ಹೆಚ್ಚು ದಿನ ಮಾಡುತ್ತದೆ. ಕೊಬ್ಬರಿ ಎಣ್ಣೆಯೂ ಅಷ್ಟೇ. ಆದರೆ ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ, ಅಂಟಂಟಾಗಿ ಕುಳಿತು ಧೂಳು ಹಿಡಿಯುತ್ತದೆ. ಮುಂದೆ ಪಿಯು ಹಚ್ಚಬೇಕೆಂದರೆ ಅದು ಹಿಡಿಯಗೊಡುವುದಿಲ್ಲ. ಹಲ್ಲುಜ್ಜುವ ಪೇಸ್ಟಿನಲ್ಲಿ ಸವೆಸುವ ಪುಡಿ ಇದೆ, ಅದು ಹೊಳಪನ್ನೇ ತಿನ್ನುತ್ತದೆ. ಇವೆಲ್ಲಕ್ಕಿಂತ ಕಿರಿಕಿರಿಯದು ಸಿಲಿಕೋನ್ ಇರುವ ಫರ್ನಿಚರ್ ಸ್ಪ್ರೇ ಮತ್ತು ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್. ನೆಲ ಜಾರುತ್ತದೆ, ಅಜ್ಜ ಅಜ್ಜಿ ಇರುವ ಮನೆಯಲ್ಲಿ ಅಷ್ಟು ಸಾಕು ಬೇಡವೆನ್ನಲು. ಮೇಲಾಗಿ ಆ ಸಿಲಿಕೋನ್ ಉಳಿದ ಜಾಗದಲ್ಲಿ ಮುಂದೆ ಯಾವ ಲೇಪ ಹಚ್ಚಿದರೂ ಮೀನಿನ ಕಣ್ಣಿನಂಥ ಗುಳಿಗಳು ಬಿಟ್ಟುಕೊಳ್ಳುತ್ತವೆ.

ಒಂದೆರಡು ಗೆರೆಯಲ್ಲದೆ ಇಡೀ ಓಡಾಟದ ಜಾಗವೇ ಮಸುಕಾಗಿದ್ದರೆ ಗೆರೆ ಗೆರೆ ತಿದ್ದುವುದು ವ್ಯರ್ಥ. ಫ್ಲೋರ್ ರಿಫ್ರೆಷರ್ ಎಂದು ಸಿಗುವ ನೀರಾಧಾರಿತ ಅಕ್ರಿಲಿಕ್ ದ್ರವವನ್ನು ಇಡೀ ಕೋಣೆಗೆ ತೆಳುವಾಗಿ ಒರೆಸಿದರೆ ಕೆಲವು ತಿಂಗಳು ನೆಲ ಮತ್ತೆ ಚೆಂದ ಕಾಣುತ್ತದೆ. ಮೇಣ ಇರುವ ಪಾಲಿಶ್ ಬೇಡ, ಅದು ಸಹ ಮುಂದಿನ ಲೇಪಕ್ಕೆ ಅಡ್ಡಿ.

ಬಿದಿರಿಗೇ ಪೆಟ್ಟು ಬಿದ್ದಾಗ

ಇಲ್ಲಿ ಬಿದಿರಿನ ಸ್ವಭಾವ ಮರದ ಅಭ್ಯಾಸವಿದ್ದವರನ್ನು ಸಿಕ್ಕಿಸುತ್ತದೆ. ಮರದಲ್ಲಿ ಉದ್ದಕ್ಕೆ ಹೋಗುವ ಎಳೆಗಳ ಜೊತೆಗೆ ತಿರುಳಿನಿಂದ ತೊಗಟೆಯ ಕಡೆಗೆ ಅಡ್ಡ ಹಾಯುವ ಕೋಶಗಳ ಸಾಲುಗಳಿರುತ್ತವೆ. ಬಿದಿರಿನ ಗಿಣ್ಣುಗಳ ನಡುವಿನ ಭಾಗದಲ್ಲಿ ಹಾಗೆ ಅಡ್ಡ ಹೊಲಿದದ್ದೇನೂ ಇಲ್ಲ. ಎಲ್ಲ ನಾರೂ ಉದ್ದಕ್ಕೇ. ಮೇದಾರರ ಕತ್ತಿಯ ಒಂದೇ ಏಟಿಗೆ ಗಳ ತುದಿಯಿಂದ ಬುಡದವರೆಗೆ ಸೀಳಿಕೊಳ್ಳುವುದು ಇದರಿಂದಲೇ. ಅದೇ ಗುಣ ನೆಲದಲ್ಲಿ ಸಿಬಿರಾಗಿ ಎದುರಾಗುತ್ತದೆ. ಮಂಚ ಎಳೆದಾಗ ಹಲಗೆಯ ಅಂಚಿನಲ್ಲಿ ಒಂದು ಸಿಬಿರು ಎದ್ದಿತೆನ್ನಿ. ಕೈ ತಾನಾಗಿ ಅದನ್ನು ಕೀಳಲು ಹೋಗುತ್ತದೆ. ಕೀಳಬೇಡಿ. ಎಳೆದಷ್ಟೂ ನಾರು ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ, ಬೆರಳುದ್ದದ ಗಾಯ ಗೇಣುದ್ದ ಆಗುತ್ತದೆ.

ಎದ್ದ ಸಿಬಿರಿನ ಕೆಳಗೆ ಹಲ್ಲುಕಡ್ಡಿಯ ತುದಿಯಿಂದ ಫೆವಿಕಾಲ್ ತೂರಿಸಿ, ನೀರು ತಡೆಯುವ ಬಗೆಯದಾದರೆ ಒಳ್ಳೆಯದು. ಸಿಬಿರನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿ, ಉಕ್ಕಿ ಬಂದ ಅಂಟನ್ನು ಒದ್ದೆಬಟ್ಟೆಯಿಂದ ತಕ್ಷಣ ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಪ್ಲಾಸ್ಟಿಕ್ ಹಾಸುವುದನ್ನು ಮರೆತರೆ ಮೇಲಿಟ್ಟ ಪುಸ್ತಕವೋ ಹಲಗೆಯೋ ನೆಲಕ್ಕೆ ಅಂಟಿಕೊಳ್ಳುತ್ತದೆ. ನಾರು ಒತ್ತಿದ ಹಲಗೆಯಲ್ಲಿ ಏಳುವ ಸಿಬಿರು ಕೂದಲೆಳೆಯಷ್ಟು ಸಣ್ಣದು, ಅಲ್ಲಿ ಫೆವಿಕಾಲ್ ಒಳಗಿಳಿಯದು. ಫೆವಿಕ್ವಿಕ್‌ನಂಥ ನೀರಾದ ಅಂಟಿನ ಒಂದೇ ಹನಿ ತಾನಾಗಿ ಒಳಗೆ ಸೇರುತ್ತದೆ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಹನಿಸಬೇಕು. ಲೇಪದ ಮೇಲೆ ಬಿದ್ದ ಹನಿಯನ್ನು ನೈಲ್ ಪಾಲಿಶ್ ರಿಮೂವರಿನಿಂದ ತೆಗೆಯಲು ಹೋದರೆ ಲೇಪವೂ ಹಾಳಾಗುವ ಭಯವಿದೆ.

ನಾರು ಕಿತ್ತೇ ಹೋಗಿ ತೋಡಾಗಿದ್ದರೆ ತುಂಬಬೇಕು. ಕಡಿಮೆ ಓಡಾಟದ ಜಾಗಕ್ಕೆ ಮೇಣದ ಕಡ್ಡಿ ಒಳ್ಳೆಯದು. ಮರದ ಬಣ್ಣಗಳಲ್ಲಿ ಕಟ್ಟಾಗಿ ಸಿಗುತ್ತವೆ. ಒಂದೇ ಬಣ್ಣ ಎಂದೂ ಹೊಂದುವುದಿಲ್ಲ, ತಿಳಿಯದೊಂದು, ಗಾಢದ್ದೊಂದು ಎರಡನ್ನೂ ಬೆರಳ ಬಿಸಿಯಲ್ಲಿ ಕಲಸಿ ತೋಡಿಗೆ ಒತ್ತಿ, ಕಾರ್ಡಿನಿಂದ ಸಮಮಾಡಿ. ಇದರ ದೊಡ್ಡ ಗುಣವೆಂದರೆ ಹಿಡಿಸದಿದ್ದರೆ ಕೆರೆದು ತೆಗೆದು ಮತ್ತೆ ಮಾಡಬಹುದು. ಕೊರತೆಯೆಂದರೆ ಮೇಣದ ಮೇಲೆ ಪಿಯು ನಿಲ್ಲುವುದಿಲ್ಲ.

ದಿನವೂ ತುಳಿಯುವ ಜಾಗಕ್ಕೆ ಪುಟ್ಟಿಯೇ ಬೇಕು. ಅಂಗಡಿಯ ವುಡ್ ಫಿಲ್ಲರ್ ಆಗುತ್ತದೆ, ಬಣ್ಣ ಮಾತ್ರ ತೇಗ, ವಾಲ್‌ನಟ್ ಎಂದೇ ಇರುತ್ತದೆ, ಬಿದಿರಿನದು ಸಿಗುವುದು ಕಷ್ಟ. ಅದಕ್ಕಿಂತ ನನಗೆ ಹಿಡಿಸುವ ದಾರಿ, ಉಳಿದ ಹಲಗೆ ತುಂಡಿನ ಲೇಪವಿಲ್ಲದ ಬದಿಯನ್ನು ಉಪ್ಪುಕಾಗದದಿಂದ ಉಜ್ಜಿ ಪುಡಿ ತೆಗೆದು, ಅದನ್ನೇ ಫೆವಿಕಾಲಿನಲ್ಲಿ ಕಲಸುವುದು. ಚಪಾತಿ ಹಿಟ್ಟಿಗಿಂತ ತುಸು ಮೆದುವಾದ ಹದ ಇರಲಿ. ಅಂಟು ಸೇರಿದ ಪುಡಿ ಒಣಗಿದಾಗ ಮೂಲ ಬಿದಿರಿಗಿಂತ ಒಂದು ಛಾಯೆ ಗಾಢವಾಗುತ್ತದೆ. ಆದ್ದರಿಂದ ತುಂಡಿನ ಮೇಲೆ ಮೊದಲು ಮಾಡಿ, ಒಣಗಿಸಿ, ಮೇಲೆ ಪಿಯು ಸವರಿ ಬಣ್ಣ ನೋಡಿಕೊಂಡೇ ನೆಲಕ್ಕೆ ಕೈ ಹಾಕಿ. ಬಣ್ಣ ನೋಡುವಾಗ ಮೊಣಕಾಲೂರಿ ಮೂಗು ತಾಗಿಸಿ ನೋಡಬೇಡಿ. ಎದ್ದು ನಿಂತು, ಹಗಲ ಬೆಳಕಿನಲ್ಲೊಮ್ಮೆ, ರಾತ್ರಿ ದೀಪದಲ್ಲೊಮ್ಮೆ ನೋಡಿ.

ತೋಡಿನ ಎರಡೂ ದಡಕ್ಕೆ ಟೇಪ್ ಹಚ್ಚಿ, ಸಡಿಲ ನಾರನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ಪುಟ್ಟಿಯನ್ನು ತೋಡಿನ ಉದ್ದಕ್ಕೆ ಒತ್ತಿ. ಒಣಗುವಾಗ ಅದು ಕುಗ್ಗುವುದರಿಂದ ಸ್ವಲ್ಪ ಉಬ್ಬಾಗಿಯೇ ಬಿಡಿ. ಟೇಪನ್ನು ಪುಟ್ಟಿ ಹಸಿ ಇರುವಾಗಲೇ ಕೀಳಿ. ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಉಪ್ಪುಕಾಗದಕ್ಕೆ ಕೆಲಸ ಇದೆ, ಆದರೆ ಅಂಗೈಯಲ್ಲಿ ಹಿಡಿದು ಉಜ್ಜುವ ಕಾಗದವಲ್ಲ. ಐಸ್‌ಕ್ರೀಮ್ ಕಡ್ಡಿಯಷ್ಟು ಅಗಲದ ಚಪ್ಪಟೆ ಕಡ್ಡಿಗೆ 240 ನಂಬರಿನ, ಬಳಿಕ 320 ನಂಬರಿನ ಕಾಗದ ಸುತ್ತಿ, ಉಬ್ಬಿದ ಪುಟ್ಟಿಯ ಮೇಲಷ್ಟೇ, ನಾರಿನ ಉದ್ದಕ್ಕೆ ಮಾತ್ರ ಉಜ್ಜಿ. ಅಡ್ಡ ಉಜ್ಜಿದರೆ ನಾರುಗಳು ತುಪ್ಪಳದಂತೆ ಎದ್ದು ನಿಲ್ಲುತ್ತವೆ, ಮೇಲೆ ಲೇಪ ಬಿದ್ದಾಗ ಆ ಗೆರೆಗಳು ಇನ್ನಷ್ಟು ಎದ್ದು ಕಾಣುತ್ತವೆ. ಮುಖಕ್ಕೆ ಮಾಸ್ಕ್ ಇರಲಿ, ಈ ಧೂಳಿನಲ್ಲಿ ಬಿದಿರಿನ ಜೊತೆ ರಾಳವೂ ಇರುತ್ತದೆ.

ಸಮವಾದ ಪುಟ್ಟಿ ಬಣ್ಣ ಹೊಂದಿದರೂ ಕಣ್ಣಿಗೆ ಸಿಕ್ಕಿಬೀಳುವುದು ಅದರಲ್ಲಿ ಎಳೆಗಳಿಲ್ಲದ ಕಾರಣಕ್ಕೆ. ಅಕ್ಕಪಕ್ಕದ ಹಲಗೆಯ ಎಳೆಗಳು ಎಲ್ಲಿ ಬಂದು ನಿಂತಿವೆಯೋ ಅಲ್ಲಿಂದ ಕಂದು ಬಣ್ಣದ ಸಪೂರ ಪೆನ್ನಿನಲ್ಲಿ ಎರಡು ಮೂರು ಗೆರೆ ಎಳೆದು ಆಚೆ ದಡ ಸೇರಿಸಿ. ನೇರವಾಗಿ, ಸ್ಕೇಲಿಟ್ಟಂತೆ ಎಳೆಯಬೇಡಿ, ನಡುನಡುವೆ ಮುರಿಯಲಿ. ಇದು ಒಣಗಿದ ಮೇಲೆ ಸೊನ್ನೆ ನಂಬರಿನ ಬ್ರಷ್ಷಿನಲ್ಲಿ ಪಿಯು, ತೆಳುವಾಗಿ ಎರಡು ಸಲ. ಕಾಲಿಡಲು ಒಂದು ದಿನ, ಮಂಚ ಕುರ್ಚಿ ಮರಳಿ ಇಡಲು ಮೂರು ದಿನ ಕಾಯಿರಿ.

ನಗ್ಗಿದ ತಗ್ಗಿಗೆ ಒದ್ದೆಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತುವ ಉಪಾಯವನ್ನು ಬಡಗಿಗಳು ಹೇಳುತ್ತಾರೆ. ಲೇಪವಿಲ್ಲದ ಮರದಲ್ಲಿ ಹಬೆ ಹೊಕ್ಕು ಎಳೆ ಉಬ್ಬುತ್ತದೆ, ನಿಜ. ಬಿದಿರು ಹಲಗೆಯ ಲೇಪ ಹಬೆಯನ್ನು ಒಳಗೆ ಬಿಡುವುದಿಲ್ಲ, ಬಿಸಿಗೆ ತಾನೇ ಬಿಳಿಚಿಕೊಳ್ಳುತ್ತದೆ. ನಾರು ಒತ್ತಿದ ಹಲಗೆಯಲ್ಲಂತೂ ಎಲ್ಲ ರಾಳದಲ್ಲಿ ಬಿಗಿದುಕೊಂಡಿರುವುದರಿಂದ ಉಬ್ಬಲು ಜಾಗವೇ ಇಲ್ಲ. ಲೇಪ ಹರಿಯದ ತಗ್ಗನ್ನು ಹಾಗೇ ಬಿಡುವುದು ನನ್ನ ಸಲಹೆ.

ಕೆಲವು ಮನೆಗಳಲ್ಲಿ ಲೇಪದ ಬದಲು ಎಣ್ಣೆ-ಮೇಣದ ಉಪಚಾರ ಇರುತ್ತದೆ. ಮುಟ್ಟಿದರೆ ಗಾಜಿನಂತಿರದೆ ಬಿದಿರಿನ ಎಳೆ ಕೈಗೆ ತಾಗುತ್ತದೆ. ಅಂಥವರು ಅದೃಷ್ಟವಂತರು. 320ರ ಕಾಗದದಿಂದ ಎಳೆಯ ಉದ್ದಕ್ಕೆ ಲಘುವಾಗಿ ಉಜ್ಜಿ, ಅದೇ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ ಒರೆಸಿದರೆ ತೇಪೆಯ ಅಂಚೇ ಕಾಣುವುದಿಲ್ಲ. ಒಂದೇ ಎಚ್ಚರಿಕೆ: ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಕಸದ ಡಬ್ಬಕ್ಕೆ ಎಸೆಯಬಾರದು. ಒಣಗುವಾಗ ಹುಟ್ಟುವ ಬಿಸಿ ಒಳಗೇ ಕೂಡಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ರಂಗೋಲಿ, ಅರಿಸಿನ, ಬಕೆಟ್ಟು

ನಮ್ಮ ಮನೆಗಳ ಗೀರಿಗೆ ನಮ್ಮವೇ ಕಾರಣಗಳಿವೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ದೇವರ ಮನೆಯ ಮುಂದೆ ಬಿಟ್ಟ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಕಾಲಿಗಂಟಿ ಹಾಲ್ ತುಂಬಾ ಹರಡಿರುತ್ತದೆ, ಮೇಲೆ ಕುರ್ಚಿ ಎಳೆದರೆ ಅದೇ ಉಪ್ಪುಕಾಗದ. ಬಿದಿರು ನೆಲವಿದ್ದರೆ ಒಳಗೆ ಅಕ್ಕಿಹಿಟ್ಟಿನದೇ ಬಿಡಿ, ಕಲ್ಲುಪುಡಿ ಹೊಸ್ತಿಲಾಚೆ ಇರಲಿ. ಈಳಿಗೆಮಣೆಯ ಅಡಿಗೂ ಊಟದ ಮಣೆಯ ಅಡಿಗೂ ಫೆಲ್ಟ್ ಬಟ್ಟೆಯ ತುಂಡು ಅಂಟಿಸಿ. ಕುರ್ಚಿಗಳಿಗೆ ಅಂಟಿಸಿದ ಫೆಲ್ಟನ್ನು ಆಗಾಗ ತಿರುಗಿಸಿ ನೋಡಿ. ಮರಳು ಕಚ್ಚಿದ ಫೆಲ್ಟ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ತೆರೆದ ಗೀರಿಗೆ ಅರಿಸಿನ ಬಿದ್ದರೆ ನಾರು ಅದನ್ನು ಹೀರಿಕೊಳ್ಳುತ್ತದೆ. ಗಾಬರಿಯಲ್ಲಿ ಸೋಪಿನ ನೀರು ಹಾಕಿದರೆ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ, ಹಳದಿ ಗೆರೆ ರಕ್ತದ ಗೆರೆಯಂತೆ ಕಾಣತೊಡಗುತ್ತದೆ. ಬರೀ ಒದ್ದೆಬಟ್ಟೆಯಿಂದ ಒತ್ತಿ ತೆಗೆದು, ಕಿಟಕಿಯ ಪರದೆ ಸರಿಸಿ ಬಿಸಿಲು ಬೀಳುವಂತೆ ಮಾಡಿ. ಅರಿಸಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ, ಕೆಲವು ದಿನಗಳಲ್ಲಿ ಮಾಸುತ್ತದೆ. ಪುಟ್ಟಿ ತುಂಬುವುದು ಅದಾದ ಮೇಲೆ.

ಗೀರಿಗಿಂತ ದೊಡ್ಡ ಶತ್ರು ನೆಲ ಒರೆಸುವ ಬಕೆಟ್ಟು. ಫಿನಾಯಿಲ್ ನೀರು ಸುರಿದು ನೆಲ ಒರೆಸುವುದು ಕಲ್ಲಿನ ನೆಲದ ಅಭ್ಯಾಸ. ಮನೆಗೆಲಸಕ್ಕೆ ಬರುವವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ, ಆಮೇಲೆ ಅವರನ್ನೇ ಬೈಯುತ್ತೇವೆ. ಲೇಪ ಹರಿದ ಒಂದು ಗೀರಿನ ಮೂಲಕ ದಿನವೂ ನೀರು ಇಳಿದರೆ ಆ ಗೆರೆಯ ಎರಡು ಬದಿ ಉಬ್ಬಿ, ಲೇಪ ಅಂಚಿನಿಂದ ಏಳುತ್ತಾ ಬರುತ್ತದೆ, ಒಳಗೆ ಬೂಷ್ಟು ಕಪ್ಪಾಗುತ್ತದೆ. ಒಣ ಮೈಕ್ರೊಫೈಬರ್ ಮಾಪ್ ದಿನಕ್ಕೊಮ್ಮೆ, ಚೆನ್ನಾಗಿ ಹಿಂಡಿದ್ದು ವಾರಕ್ಕೊಮ್ಮೆ, ಅಷ್ಟು ಸಾಕು. ಗೀರು ಆಳವಾಗಿದ್ದು ತಿದ್ದಲು ತಡವಾಗುವಂತಿದ್ದರೆ ಅಲ್ಲಿಯವರೆಗೆ ಅದರ ಮೇಲೆ ಒಂದು ತುಂಡು ಟೇಪ್ ಅಂಟಿಸಿಡಿ.

ಹಾಗೆಯೇ ಫೆಬ್ರವರಿ, ಮಾರ್ಚಿನ ಒಣಹವೆಗೆ ಹಲಗೆಗಳ ನಡುವೆ ಕೂದಲೆಳೆಯ ಸಂದು ಬಿಟ್ಟರೆ ಅದನ್ನು ಗೀರೆಂದು ತಿಳಿದು ಪುಟ್ಟಿ ತುಂಬಬೇಡಿ. ಮುಂಗಾರಿಗೆ ಬಿದಿರು ಹಿಗ್ಗಿ ಸಂದು ತಾನೇ ಮುಚ್ಚುತ್ತದೆ. ಪುಟ್ಟಿ ತುಂಬಿದ್ದರೆ ಹಿಗ್ಗಲು ಜಾಗವಿಲ್ಲದೆ ಹಲಗೆ ಅಂಚಿನಲ್ಲಿ ಏಳುತ್ತದೆ. ಕರಾವಳಿಯ ಮನೆಗಳಲ್ಲಿ ಈ ಹಿಗ್ಗಾಟ ಇನ್ನೂ ಜೋರು.

ತಿದ್ದುವುದು ಬಿಟ್ಟು ಬದಲಿಸುವುದು

ಹಲಗೆಯ ಅಗಲದಷ್ಟು ಲೇಪ ಕಿತ್ತಿದ್ದರೆ, ಇಲ್ಲವೇ ನೀರು ಕುಡಿದು ಕಪ್ಪಾಗಿದ್ದರೆ, ತೇಪೆ ಹಾಕುವುದಕ್ಕಿಂತ ಹಲಗೆ ಬದಲಿಸುವುದು ಲೇಸು. ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿದ, ಕೆಳಗೆ ಅಂಟಿಲ್ಲದ ನೆಲವಾದರೆ ಹತ್ತಿರದ ಗೋಡೆಯ ಸ್ಕರ್ಟಿಂಗ್ ಬಿಚ್ಚಿ ಅಲ್ಲಿಂದ ಹಲಗೆಗಳನ್ನು ಒಂದೊಂದಾಗಿ ಎತ್ತುತ್ತಾ ಬರಬಹುದು. ಬಿಚ್ಚುವಾಗ ಹಲಗೆಗಳ ಬೆನ್ನಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿಕೊಳ್ಳಿ. ಕಾಂಕ್ರೀಟಿಗೆ ಅಂಟಿಸಿದ್ದಾದರೆ ಆ ಹಲಗೆಯನ್ನು ನಡುವೆ ಕೊಯ್ದೇ ತೆಗೆಯಬೇಕು, ಅದು ಬಡಗಿಯ ಕೆಲಸ.

ಬದಲಿ ಹಲಗೆ ಅದೇ ತಂಡದ್ದೇ ಆದರೂ ಬಣ್ಣ ಹೊಂದದಿರಬಹುದು. ತಿಳಿ ಬಿದಿರು ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಹಬೆ ಕೊಟ್ಟ ಕಂದು ಬಿದಿರು ತಿಳಿಯಾಗುತ್ತದೆ. ಅಟ್ಟದ ಮೇಲೆ ಕತ್ತಲಲ್ಲಿ ಕೂತ ಹಲಗೆಗೆ ಈ ಎರಡೂ ಆಗಿರುವುದಿಲ್ಲ. ಕಿಟಕಿ ಪಕ್ಕದ ಹಲಗೆ ಹಾಳಾದರೆ ಅಷ್ಟೇ ಬೆಳಕು ಕಂಡ, ಆದರೆ ಕಣ್ಣಿಗೆ ಬೀಳದ ಮೂಲೆಯ ಹಲಗೆಯನ್ನು ಅಲ್ಲಿಗೆ ತಂದು, ಹೊಸದನ್ನು ಮೂಲೆಗೆ ಹಾಕುವುದು ಜಾಣತನ.

ಇಡೀ ನೆಲವನ್ನು ಯಂತ್ರದಲ್ಲಿ ಉಜ್ಜಿಸಿ ಹೊಸ ಲೇಪ ಹಾಕಿಸುವ ಮಾತು ಬಂದರೆ ಮೊದಲು ಹಲಗೆಯ ಅಡ್ಡ ಕೊಯ್ತ ನೋಡಿ. ಪೂರ್ತಿ ಬಿದಿರಿನದಾದರೆ, ಸಾಮಾನ್ಯವಾಗಿ 14 ಮಿಲಿಮೀಟರ್ ದಪ್ಪ, ಒಂದೆರಡು ಸಲ ಉಜ್ಜಿಸಿಕೊಳ್ಳಬಲ್ಲದು. ಪ್ಲೈವುಡ್ ಮೇಲೆ ತೆಳು ಬಿದಿರು ಅಂಟಿಸಿದ್ದಾದರೆ ಯಂತ್ರ ಒಂದೇ ಓಟಕ್ಕೆ ಪ್ಲೈವುಡ್ ಮುಟ್ಟೀತು. ಅಂಥ ನೆಲಕ್ಕೆ ಲೇಪವನ್ನಷ್ಟೇ ತುಸು ತರಿ ಮಾಡಿ ಮೇಲೆ ಹೊಸ ಪಿಯು ಹಾಕುವವರನ್ನು ಹುಡುಕಿ. ಅವರಿಗೆ ಹಣ ಕೊಡುವ ಮುನ್ನ ಬೀರುವಿನ ಹಿಂದಿನ ಒಂದು ಚದರಡಿಯಲ್ಲಿ ಮಾಡಿ ತೋರಿಸಲು ಹೇಳಿ. ಎರಡು ದಿನ ಬಿಟ್ಟು, ಆ ಹೊಸ ಲೇಪದ ಮೇಲೆ ಟೇಪ್ ಒತ್ತಿ ಸರಕ್ಕನೆ ಕಿತ್ತು ನೋಡಿ. ಟೇಪಿನ ಜೊತೆ ಲೇಪವೂ ಬಂದರೆ ಹಳೆಯ ಎಣ್ಣೆ, ಮೇಣ, ಸಿಲಿಕೋನ್ ಇನ್ನೂ ಅಲ್ಲೇ ಇದೆ.